ಮಧ್ಯಾಹ್ನದ ಧಾರಾವಾಹಿ: ಅರ್ಧಂಬರ್ಧ ನೋಡುವವಳ ವಿಮರ್ಶೆ

ಮೊದಲೇ ಹೇಳಿಬಿಡುತ್ತೇನೆ, ನಾನು ಧಾರಾವಾಹಿಯ ಅಭಿಮಾನಿ ಅಲ್ಲ. ನಮ್ಮನೆಯಲ್ಲಿ ಅಭಿಮಾನಿ ಅಂದರೆ ಅತ್ತೆ. ಮಲೆನಾಡಿನ ಹೊಸನಗರದ ಕಡೆಯ ಹಳ್ಳಿಮನೆ ನಮ್ಮದು. ಹಿಂದಿನ ರಾತ್ರಿ ಬಂದ ಎಪಿಸೋಡನ್ನೇ ಮಧ್ಯಾಹ್ನ ಊಟದ ಹೊತ್ತಿಗೆ ಮತ್ತೆ ಹಾಕುತ್ತಾರಲ್ಲ, ಅದನ್ನು ಅತ್ತೆ ಎರಡನೇ ಸಲ ನೋಡುತ್ತಾರೆ. ನಾನು ಪಾತ್ರೆ ತೊಳೆಯುತ್ತಾ, ಬಟ್ಟೆ ಮಡಚುತ್ತಾ ಮೊದಲನೇ ಸಲ ನೋಡುತ್ತೇನೆ. ವರ್ಷಗಳಿಂದ ಹೀಗೇ ನಡೆದಿದೆ. ಧಾರಾವಾಹಿಗಳು ಬಂದವು, ಮುಗಿದವು, ಹೆಸರು ಕೇಳಿದರೆ ನನಗೇ ಗೊಂದಲ. ಹಾಗಾಗಿ ಇದು ಯಾವುದೋ ಒಂದರ ವಿಮರ್ಶೆ ಅಲ್ಲ, ಈ ಸರಕಿನದೇ ವಿಮರ್ಶೆ.

ಇಷ್ಟು ವರ್ಷದ ಮೇಲೆ ನನಗೆ ಅನ್ನಿಸಿದ್ದು ಒಂದೇ. ಇದನ್ನು ತಯಾರು ಮಾಡಿರುವುದು ಕಣ್ಣು ಮಿಟುಕಿಸದೆ ಕೂರುವವರಿಗಲ್ಲ, ನನ್ನಂಥವರಿಗೆ.

ಫೋನ್ ಸೀನನ್ನೇ ನೋಡಿ. ಒಬ್ಬಳಿಗೆ ಫೋನ್ ಬರುತ್ತದೆ. "ಏನು? ಅವಳು ಮನೆ ಬಿಟ್ಟು ಹೋದ್ಲಾ? ಬಸ್ ಸ್ಟ್ಯಾಂಡಲ್ಲಿ ನೋಡಿದ್ರಾ? ಜೊತೇಲಿ ಮಗೂನೂ ಇತ್ತಾ?" ಭೂಮಿ ಮೇಲೆ ಯಾರಾದರೂ ಹೀಗೆ ಫೋನಲ್ಲಿ ಮಾತಾಡುತ್ತಾರಾ? ನಾವಾದರೆ "ಹೂಂ, ಹೌದಾ, ಅಯ್ಯೋ" ಅಂದು ಇಡುತ್ತೇವೆ. ಆದರೆ ನಲ್ಲಿ ಬಿಟ್ಟುಕೊಂಡು ಅಡುಗೆಮನೆಯಲ್ಲಿ ನಿಂತವಳಿಗೆ ಆ ಮೂರು ಪ್ರಶ್ನೆಯಲ್ಲಿ ಇಡೀ ಸುದ್ದಿ ಸಿಕ್ಕಿಬಿಡುತ್ತದೆ. ಆಮೇಲೆ ಅದೇ ಸುದ್ದಿಯನ್ನು ಆಕೆ ಗಂಡನಿಗೆ ಹೇಳುತ್ತಾಳೆ, ಗಂಡ ಅಮ್ಮನಿಗೆ ಹೇಳುತ್ತಾನೆ, ಅಮ್ಮ ದೇವರ ಮುಂದೆ ನಿಂತು ದೇವರಿಗೂ ಹೇಳುತ್ತಾಳೆ. ಯಾವ ಹಂತದಲ್ಲಿ ನೀವು ಒಳಗೆ ಬಂದರೂ ಕಥೆ ಸಿಗುತ್ತದೆ. ಯಾರು ಬಂದರು ಅಂತ ನೋಡುವ ಅಗತ್ಯವೂ ಇಲ್ಲ. ಅತ್ತಿಗೆ ಕೆಟ್ಟವಳಾದರೆ ಅವಳಿಗೊಂದು ಮ್ಯೂಸಿಕ್ ಇರುತ್ತದೆ, ಆಕೆ ಬಾಗಿಲಿಗೆ ಬರುವ ಮೊದಲೇ ಅದು ಬರುತ್ತದೆ.

ಕಪಾಳಮೋಕ್ಷ ಆದರಂತೂ ಕೇಳುವುದೇ ಬೇಡ. ಒಂದೇ ಏಟು, ಮೂರು ಸಲ ಸದ್ದು. ಆಮೇಲೆ ಮನೆಯವರೆಲ್ಲರ ಮುಖ ಒಂದೊಂದಾಗಿ. ನಮ್ಮತ್ತೆ ಅಷ್ಟರೊಳಗೆ ಒಂದು ಎಲೆಗೆ ಸುಣ್ಣ ಹಚ್ಚಿ, ಮಡಚಿ, ಬಾಯಿಗೆ ಹಾಕಿ, ಡಬ್ಬಿ ಮುಚ್ಚಿರುತ್ತಾರೆ.

ಇದರ ಮೂಲ ಗೊತ್ತಾದ ಮೇಲೆ ನನಗೆ ಆಶ್ಚರ್ಯ ಉಳಿಯಲಿಲ್ಲ. ಈ ಜಾತಿಯ ಕಥೆಗಳು ಹುಟ್ಟಿದ್ದು ಟೀವಿಯಲ್ಲಿ ಅಲ್ಲ, 1930ರ ದಶಕದ ಅಮೆರಿಕದ ರೇಡಿಯೋದಲ್ಲಿ. ಹಗಲು ಹೊತ್ತು ಮನೆಗೆಲಸ ಮಾಡುವ ಹೆಂಗಸರು ಕೇಳಲಿ ಅಂತ ಸೋಪು ಕಂಪನಿಗಳು ದುಡ್ಡು ಹಾಕಿದ್ದಕ್ಕೇ ಸೋಪ್ ಒಪೆರಾ ಅನ್ನೋ ಹೆಸರು ಬಂತು. 'ಗೈಡಿಂಗ್ ಲೈಟ್' ಅಂತ ಒಂದು 1937ರಲ್ಲಿ ರೇಡಿಯೋದಲ್ಲಿ ಶುರುವಾಗಿ, 1952ರಲ್ಲಿ ಟೀವಿಗೆ ಬಂದು, 2009ರ ತನಕ ನಡೆಯಿತು. ನಮ್ಮವರು ಏನೂ ಎಳೆದಿಲ್ಲ ಬಿಡಿ. ಕೈಗೆ ಕೆಲಸ, ಕಿವಿಗೆ ಕಥೆ ಅನ್ನುವ ಲೆಕ್ಕ ಅವತ್ತಿನದೇ. ನಡುವೆ ಬರುವ ಜಾಹೀರಾತೂ ಈಗಲೂ ಸೋಪು, ಬಟ್ಟೆ ಪುಡಿ, ಪಾತ್ರೆ ತಿಕ್ಕುವ ಬಾರ್‌ಗಳದ್ದೇ.

ಎಲ್ಲ ಧಾರಾವಾಹಿಯೂ ಹೀಗೆ ಅಂತಲ್ಲ. 1998ರಲ್ಲಿ ದೂರದರ್ಶನದಲ್ಲಿ ಟಿ.ಎನ್. ಸೀತಾರಾಂ ಅವರ 'ಮಾಯಾಮೃಗ' ಬರುತ್ತಿತ್ತು. ಅತ್ತೆ ಈಗಲೂ ಅದರ ಮಾತು ತೆಗೆಯುತ್ತಾರೆ. ಅದಕ್ಕೆ ಕೆಲಸ ಬದಿಗಿಟ್ಟು ಕೂರಬೇಕಿತ್ತಂತೆ.

ಅಡಿಕೆ ಸುಗ್ಗಿಯಲ್ಲಿ ಇದರ ಉಪಯೋಗ ಎದ್ದು ಕಾಣುತ್ತದೆ. ಕೊಯ್ಲು ಶುರುವಾದ ಮೇಲೆ ಜಗಲಿಯಲ್ಲಿ ಮೆಟ್ಟುಗತ್ತಿ ಹಾಕಿಕೊಂಡು ಸುಲಿಯುವವರು ಸಾಲಾಗಿ ಕೂರುತ್ತಾರೆ. ಸುಲಿದಷ್ಟಕ್ಕೇ ಕೂಲಿ, ಕತ್ತಿ ಎದುರಿಗೇ ಇರುತ್ತದೆ, ಕಣ್ಣು ಎತ್ತುವ ಹಾಗಿಲ್ಲ. ಒಳಗಿನ ಟೀವಿಯ ವಾಲ್ಯೂಮ್ ಜೋರು ಮಾಡಿದರೆ ಸಾಕು. ಪರದೆ ಒಂದು ಸಲವೂ ನೋಡದೆ ನಾಯಕಿಯ ಗಂಡನಿಗೆ ಬುದ್ಧಿ ಹೇಳುವುದೇನು, ಶಾಪ ಹಾಕುವುದೇನು! "ಅವನಿಗೆ ಅಡಿಕೆ ಸುಲಿಯೋಕೆ ಹಾಕಿ ಅಮ್ಮಾ, ಸರಿ ಹೋಗ್ತಾನೆ" ಅಂದರು ಒಬ್ಬರು. ಯಾವ ಪತ್ರಿಕೆಯ ವಿಮರ್ಶೆಯಲ್ಲೂ ಇಷ್ಟು ಒಳ್ಳೆ ಮಾತು ಓದಿಲ್ಲ.

ಮಳೆಗಾಲದಲ್ಲಿ ಬೇರೆ ಕಥೆ. ಜೂನ್ ಬಂತೆಂದರೆ ಡಿಶ್‌ಗೆ ಜಡಿಮಳೆ ಆಗಿ ಬರುವುದಿಲ್ಲ. ಆಕಾಶದಿಂದ ಬರುವ ಸಿಗ್ನಲ್ಲನ್ನು ಮಳೆನೀರು ಹೀರಿಕೊಂಡುಬಿಡುತ್ತದೆ, ಪರದೆ ಮೇಲೆ ಚೌಕ ಚೌಕ ಆಗಿ ಕೊನೆಗೆ 'ಸಿಗ್ನಲ್ ಇಲ್ಲ'. ಮರ ಬಿದ್ದು ಲೈನ್ ಹೋದರೆ ಕರೆಂಟೂ ಇಲ್ಲ. ವಾರ ಕಳೆದು ಟೀವಿ ಹಾಕಿದರೆ ಯಾರ ಮದುವೆ ನಡೆಯುತ್ತಿತ್ತೋ ಅವರ ಮದುವೆಯೇ ನಡೆಯುತ್ತಿರುತ್ತದೆ. ಪುರೋಹಿತರು ಇನ್ನೂ ಮಾಂಗಲ್ಯಧಾರಣೆಗೆ ಬಂದಿಲ್ಲ! 2020ರ ಲಾಕ್‌ಡೌನಲ್ಲಿ ಶೂಟಿಂಗ್ ನಿಂತು ಹಳೇ ಕಂತುಗಳನ್ನು ಹಾಕಿದಾಗ ಅತ್ತೆ ಸಿಟ್ಟಾದರು. ನನಗೆ ವ್ಯತ್ಯಾಸವೇ ಗೊತ್ತಾಗಲಿಲ್ಲ.

ದೂರುಗಳಿಲ್ಲ ಅಂತಲ್ಲ. ಮಲೆನಾಡಿನ ಕಥೆ ಅಂತ ತೋರಿಸುವ ಮನೆಗಳಲ್ಲಿ ಅಂಗಳ ಯಾವಾಗಲೂ ಒಣ ಒಣ. ಯಾರ ಕಾಲಿಗೂ ಕೆಸರಿಲ್ಲ, ಒಂದು ಕಡೆ ಪಾಚಿ ಕಟ್ಟಿಲ್ಲ. ಸೊಸೆ ರೇಷ್ಮೆ ಸೀರೆ ಉಟ್ಟು ಮಲಗುತ್ತಾಳೆ, ಬೆಳಿಗ್ಗೆ ಒಂದು ಮಡಿಕೆಯೂ ಕೆಡದೆ ಏಳುತ್ತಾಳೆ. 'ಪುಟ್ಟಗೌರಿ ಮದುವೆ'ಯಲ್ಲಿ ಗೌರಿ ಪ್ರಪಾತಕ್ಕೆ ಬಿದ್ದೂ ಬದುಕಿದ್ದನ್ನು ಜನ ಮನಸಾರೆ ಟ್ರೋಲ್ ಮಾಡಿದರಲ್ಲ, ನಮ್ಮ ಕಡೆ ಆಕ್ಷೇಪ ಬೇರೆ ಇತ್ತು. ಧಾರಾವಾಹಿಯ ಕಾಡು ಸುತ್ತಿ ಬಂದ ಯಾರಿಗೂ ಒಂದು ಉಂಬಳ (ರಕ್ತ ಹೀರುವ ಜಿಗಣೆ) ಹತ್ತಿದ್ದನ್ನು ನಾವು ನೋಡಿಲ್ಲ. ಇನ್ನೊಂದು ವಿಚಿತ್ರ, ಧಾರಾವಾಹಿಯೊಳಗಿನ ಯಾವ ಮನೆಯಲ್ಲೂ ಯಾರೂ ಧಾರಾವಾಹಿ ನೋಡುವುದಿಲ್ಲ.

ಬೇಸರ ತರಿಸುವುದು ಇದ್ಯಾವುದೂ ಅಲ್ಲ, ಹೆಣ್ಣಿಗೆ ಹೆಣ್ಣೇ ಶತ್ರು ಅನ್ನುವ ಅದೇ ಹಳೇ ಪಾಠ. ಅತ್ತೆ ಸೊಸೆ ಒಂದೇ ಸೋಫಾದಲ್ಲಿ ಕೂತು ಅತ್ತೆ ಸೊಸೆಯ ಜಗಳ ನೋಡುವಾಗ ಇಬ್ಬರಿಗೂ ಒಂಥರಾ ಮುಜುಗರ. "ನಾನು ಹಾಗೆಲ್ಲ ಮಾಡಿದೀನೇನೇ?" ಅಂತ ಒಂದು ದಿನ ಅತ್ತೆ ಕೇಳಿದರು. ನಾನು ಚಹಾಕ್ಕೆ ನೀರಿಡಲು ಎದ್ದು ಹೋದೆ.

ಐದಕ್ಕೆ ಮೂರು ಸ್ಟಾರ್ ಕೊಡುತ್ತೇನೆ. ಬರೀ ನೋಡುವುದಕ್ಕಾದರೆ ಒಂದು, ಕೆಲಸದ ಜೊತೆ ಕೇಳುವುದಕ್ಕಾದರೆ ನಾಲ್ಕೂವರೆ. ಸರಾಸರಿ ನೀವೇ ಹಾಕಿಕೊಳ್ಳಿ, ನಾನು ಸ್ವಲ್ಪ ಜಾಸ್ತಿಯೇ ಕೊಟ್ಟಿದ್ದೇನೆ.

ಮೊಬೈಲ್ ಆಪ್‌ಗೆ ಚಂದಾ ಕಟ್ಟಬೇಕಾ ಅಂತ ಕೇಳುವವರಿಗೆ: ಬೇಡ. ನಮ್ಮಲ್ಲಿ ನೆಟ್‌ವರ್ಕ್ ಸಿಗುವುದೇ ಗುಡ್ಡದ ಮೇಲೆ ಅನ್ನೋದು ಒಂದು ಕಾರಣ. ಪೇಟೆಯಲ್ಲಿರುವವರಿಗೂ ಬೇಡವೇ. ರಜೆಗೆ ಬಂದ ಮಗಳು ಮೊಬೈಲಲ್ಲಿ ಹಾಕಿ, ಬೇಡದ್ದನ್ನೆಲ್ಲ ಮುಂದೆ ಓಡಿಸಿ ಒಂದು ಎಪಿಸೋಡನ್ನು ಐದಾರು ನಿಮಿಷಕ್ಕೆ ಮುಗಿಸಿ ತೋರಿಸಿದಳು. ಕಥೆಯೇನೋ ಪೂರ್ತಿ ಸಿಕ್ಕಿತು. ಸಿಂಕಲ್ಲಿ ಅರ್ಧ ಪಾತ್ರೆ ಹಾಗೇ ಉಳಿದಿತ್ತು.