ಕೌಲ್ ಬಜಾರಿನ ಡಿಟಿಪಿ ಅಂಗಡಿಗೆ ಯಾವ ಸಿಸ್ಟಮ್? ವಿಂಡೋಸ್, ಮ್ಯಾಕ್, ಲಿನಕ್ಸ್ ಮೂರನ್ನೂ ಬಳಸಿ ನೋಡಿದ ಮೇಲೆ

ಬಳ್ಳಾರಿಯ ಕೌಲ್ ಬಜಾರಿನಲ್ಲಿ ನನ್ನದೊಂದು ಡಿಟಿಪಿ ಅಂಗಡಿ ಇದೆ. ಎಂಟು ಅಡಿ ಅಗಲ, ಹನ್ನೆರಡು ಅಡಿ ಉದ್ದ. ಲಗ್ನಪತ್ರಿಕೆ, ಬಿಲ್ ಪುಸ್ತಕ, ಜಾತ್ರೆಯ ಕರಪತ್ರ, ಜೀನ್ಸ್ ಹೊಲಿಯುವವರಿಗೆ ಬೆಲೆಚೀಟಿ, ಇವೇ ಹೊಟ್ಟೆಪಾಡು. ಹೆಣ್ಣಿನವರು ಸಿರುಗುಪ್ಪದವರು, ಗಂಡಿನವರು ಆದೋನಿಯವರು ಎಂದರೆ ಒಂದೇ ಪತ್ರಿಕೆಯ ಈ ಮಗ್ಗುಲು ಕನ್ನಡ, ಆ ಮಗ್ಗುಲು ತೆಲುಗು. ಕನ್ನಡ ಬಡಿಯುವುದಕ್ಕೆ ನುಡಿ, ತೆಲುಗಿಗೆ ಅನು ಎಂಬ ಸಾಫ್ಟ್‌ವೇರ್, ಎರಡನ್ನೂ ಒಂದು ಪುಟದಲ್ಲಿ ಕೂಡಿಸುವುದಕ್ಕೆ ಪೇಜ್‌ಮೇಕರ್. ಇದನ್ನು ಮೊದಲೇ ಹೇಳಿಬಿಡುತ್ತೇನೆ. ಆಟ ಆಡುವವರು, ವಿಡಿಯೋ ಕತ್ತರಿಸುವವರು ಈ ವಿಮರ್ಶೆ ನಂಬಿ ಕೆಡಬೇಡಿ.

ನನ್ನ ಹಳೆಯ ಸಿಸ್ಟಮ್ 2012ರಲ್ಲಿ ಜೋಡಿಸಿದ್ದು. ಐ3-2120, ನಾಲ್ಕು ಜಿಬಿ ರ‍್ಯಾಮ್, ವಿಂಡೋಸ್ 7. ಆರು ವರ್ಷ ಕಳೆಯುವಷ್ಟರಲ್ಲಿ ಗುಂಡಿ ಒತ್ತಿ ಎದುರಿನ ಹೋಟೆಲಿನಲ್ಲಿ ಚಹಾ ಕುಡಿದು ಬಂದರೂ ಪೇಜ್‌ಮೇಕರ್ ತೆರೆದಿರುತ್ತಿರಲಿಲ್ಲ. ಎಸೆಯುವ ಮನಸ್ಸು ಮಾಡಿದ್ದೆ. ರಿಪೇರಿ ಹುಡುಗ ತಡೆದ. ತಿರುಗುವ ಹಾರ್ಡ್ ಡಿಸ್ಕ್ ತೆಗೆದು ಚಿಪ್ಪಿನಿಂದಲೇ ಮಾಡಿದ ವೇಗದ ಡಿಸ್ಕ್, ಎಂದರೆ ಒಂದು ಎಸ್‌ಎಸ್‌ಡಿ ಕೂರಿಸಿದ. ಮರುದಿನದಿಂದ ಒಂದು ನಿಮಿಷದೊಳಗೆ ಕೆಲಸ ಶುರು. ಅದೇ ಪ್ರೊಸೆಸರ್, ಅದೇ ರ‍್ಯಾಮ್. ಈ ಇಪ್ಪತ್ತು ವರ್ಷಗಳಲ್ಲಿ ಕಂಪ್ಯೂಟರಿನ ಮೇಲೆ ನಾನು ಹಾಕಿದ ದುಡ್ಡಿನಲ್ಲಿ ಅಷ್ಟು ಚೆನ್ನಾಗಿ ದುಡಿದದ್ದು ಬೇರೆ ಯಾವುದೂ ಇಲ್ಲ. ಆದ್ದರಿಂದ ಯಾರಾದರೂ ‘ಅಕ್ಕಾ, ನಮ್ಮ ಸಿಸ್ಟಮ್ ನಿಧಾನವಾಗಿದೆ, ಹೊಸದು ತೆಗೆದುಕೊಳ್ಳಲೇ?’ ಎಂದು ಕೇಳಿದರೆ ನಾನು ಮೊದಲು ಕೇಳುವುದು ಒಳಗಿರುವುದು ಯಾವ ಡಿಸ್ಕ್ ಎಂದು.

ಹಾಗಾದರೆ ಬದಲಾಯಿಸಬೇಕಾದದ್ದು ಯಾವಾಗ? ನಿಧಾನವಾಯಿತು ಎಂದು ನಾನು ಬದಲಾಯಿಸಲಿಲ್ಲ. ಹೊರಗಿನವರು ಅದರೊಂದಿಗೆ ಮಾತು ಬಿಟ್ಟರು. ವಿಂಡೋಸ್ 7ಕ್ಕೆ ಸುರಕ್ಷತೆಯ ತೇಪೆ ಕೊಡುವುದನ್ನು ಮೈಕ್ರೋಸಾಫ್ಟ್ 2020ರ ಜನವರಿ 14ಕ್ಕೇ ನಿಲ್ಲಿಸಿತ್ತು. ನಾನು ಕೇರ್ ಮಾಡಿರಲಿಲ್ಲ. 2023ರಲ್ಲಿ ಕ್ರೋಮ್ ಕೂಡ ಕೈಬಿಟ್ಟಿತು, ಅದರಲ್ಲಿ ಬರುವ ಕೊನೆಯ ಆವೃತ್ತಿ 109. ಅಲ್ಲಿಂದ ಮುಂದೆ ಒಂದೊಂದೇ ಬಾಗಿಲು ಮುಚ್ಚತೊಡಗಿತು. ಬ್ಯಾಂಕಿನ ಜಾಲತಾಣ ನಿಮ್ಮ ಬ್ರೌಸರ್ ಹಳೆಯದು ಎಂದಿತು. ಗಿರಾಕಿಗಳು ಕಳಿಸಿದ ಪಿಡಿಎಫ್ ತೆರೆದರೆ ಫಾಂಟುಗಳು ಚೆಲ್ಲಾಪಿಲ್ಲಿ. ಎರಡನೆಯ ಮೇಜಿನ ವಿಂಡೋಸ್ 10 ಯಂತ್ರವಾದರೂ ಇದೆಯಲ್ಲ ಎಂದುಕೊಂಡರೆ 2025ರ ಅಕ್ಟೋಬರ್ 14ಕ್ಕೆ ಅದರ ಸರದಿಯೂ ಮುಗಿಯಿತು. ಮೈಕ್ರೋಸಾಫ್ಟ್ ಖಾತೆಯಿಂದ ನೋಂದಾಯಿಸಿಕೊಂಡವರಿಗೆ 2026ರ ಅಕ್ಟೋಬರ್ 13ರವರೆಗೆ ಒಂದು ವರ್ಷದ ಕೊಸರು ಸಿಕ್ಕಿತು. ಆ ಕೊಸರನ್ನು ನಾನೂ ತೆಗೆದುಕೊಂಡೆ, ಆ ವರ್ಷವನ್ನು ಹುಡುಕಾಟಕ್ಕೆ ಬಳಸಿದೆ.

ಮೊದಲ ಸಲ ಮೋಸ ಹೋದೆ. ಅಂಗಡಿಯ ಹೆಸರು ಬೇಡ. ಕಂಪನಿಗಳಿಂದ ಹೊರಬಿದ್ದ ಹಳೆಯ ಸಿಸ್ಟಮ್‌ಗಳನ್ನು ಒರೆಸಿ ಮಾರುವವರು. ‘ಮೇಡಂ, ಐ7 ಇದೆ, ಇದೇ ಬೆಲೆಗೆ ಐ5 ಏಕೆ?’ ಎಂದರು. ಏಳು ಐದಕ್ಕಿಂತ ದೊಡ್ಡದು ಎಂಬ ಲೆಕ್ಕ ನನಗೂ ಬರುತ್ತದೆ, ತಂದೆ. ಪರದೆಯ ಮೇಲೆ ವಿಂಡೋಸ್ 11 ಚೆನ್ನಾಗಿಯೇ ಕಾಣುತ್ತಿತ್ತು. ಒಂದು ತಿಂಗಳ ನಂತರ ವರ್ಷಕ್ಕೊಮ್ಮೆ ಬರುವ ದೊಡ್ಡ ಅಪ್‌ಡೇಟ್ ಎಲ್ಲರಿಗೂ ಬಂತು, ನನಗೆ ಬರಲಿಲ್ಲ. ವಿಚಾರಿಸಿದಾಗ ತಿಳಿಯಿತು, ಅದು ಐ7-6700. ವಿಂಡೋಸ್ 11 ಒಪ್ಪದ ಪ್ರೊಸೆಸರಿಗೆ ತಪಾಸಣೆ ತಪ್ಪಿಸಿ ಹಾಕಿಕೊಟ್ಟಿದ್ದರು. ಹದಿನೈದು ದಿನ ಓಡಾಡಿ, ಎರಡು ಸಾವಿರ ಕಡಿಮೆ ಪಡೆದು ವಾಪಸು ಕೊಟ್ಟು ಬಂದೆ.

ಹಾಗಾಗಿ ಈ ಒಂದು ವಿಷಯವನ್ನು ಬಿಡಿಸಿ ಹೇಳುತ್ತೇನೆ. ಇಂಟೆಲ್ ಪ್ರೊಸೆಸರಿನಲ್ಲಿ ಐ3, ಐ5, ಐ7 ಎಂಬುದು ಮನೆತನ ಇದ್ದಂತೆ, ಗೀಟಿನ ಆಚೆಯ ಅಂಕಿ ಹುಟ್ಟಿದ ಕಾಲ. 6700 ಎಂದರೆ ಆರನೆಯ ಪೀಳಿಗೆ, 8500 ಎಂದರೆ ಎಂಟನೆಯದು, 12100 ಎಂದರೆ ಹನ್ನೆರಡನೆಯದು. ಬೆರಳೆಣಿಕೆಯ ಅಪವಾದ ಬಿಟ್ಟರೆ ವಿಂಡೋಸ್ 11 ಒಳಗೆ ಬಿಟ್ಟುಕೊಳ್ಳುವುದು ಎಂಟನೆಯ ಪೀಳಿಗೆಯಿಂದ ಈಚಿನವರನ್ನು. ಜೊತೆಗೆ ಬೋರ್ಡಿನಲ್ಲಿ ಟಿಪಿಎಂ 2.0 ಎಂಬ ಸುರಕ್ಷತೆಯ ಏರ್ಪಾಡು ಇರಬೇಕು. ವೇಗದ ಮಾತಿಗೆ ಬಂದರೂ ಆರನೆಯ ಪೀಳಿಗೆಯ ಆ ಐ7ಕ್ಕೆ ನಾಲ್ಕು ಕೋರ್ (ಕೆಲಸ ಮಾಡುವ ಕೈ ಎನ್ನಿ), ಎಂಟನೆಯ ಪೀಳಿಗೆಯ ಐ5-8500ಕ್ಕೆ ಆರು. ಅಂಗಡಿಯವರು ಮನೆತನ ಹೇಳಿದಾಗ ನೀವು ಅದು ಹುಟ್ಟಿದ ವರ್ಷ ಕೇಳಿ.

ಎರಡನೆಯ ಸಲ ತಂದದ್ದು ಡೆಲ್ ಆಪ್ಟಿಪ್ಲೆಕ್ಸ್ 3060, ಅದೇ ಐ5-8500. ಎಂಟು ಜಿಬಿ ರ‍್ಯಾಮ್, 256 ಜಿಬಿ ಎಸ್‌ಎಸ್‌ಡಿ, ಒಂದು ವರ್ಷದ ಅಂಗಡಿ ಗ್ಯಾರಂಟಿ, ನನ್ನ ಬಿಲ್ಲು ₹15,500. ಬೆಂಗಳೂರಿನ ಎಸ್.ಪಿ. ರಸ್ತೆಯಿಂದ ಅಳಿಯ ತಂದುಕೊಟ್ಟ. ಅಣ್ಣನ ಮಗ, ಅಲ್ಲಿಯೇ ಸಾಫ್ಟ್‌ವೇರ್ ಕೆಲಸದಲ್ಲಿದ್ದಾನೆ. ಡಬ್ಬ ದಪ್ಪ ನಿಘಂಟಿನಷ್ಟಿದೆ, ಮೇಜಿನ ಮೇಲೆ ಮಲಗಿಸಿ ಅದರ ಮೇಲೆ ಮಾನಿಟರ್ ಇಟ್ಟಿದ್ದೇನೆ. ವಿಂಡೋಸ್ ಪರವಾನಗಿ ಬೋರ್ಡಿನಲ್ಲಿಯೇ ಕೂತಿತ್ತು. ಹೊಸದಾಗಿ 11 ಹಾಕಿದಾಗ ಅದಾಗಿಯೇ ಗುರುತಿಸಿಕೊಂಡಿತು, ಕಳ್ಳ ಕೀಲಿಯ ಗೋಜು ಬೇಕಾಗಲಿಲ್ಲ. ನನ್ನ ಹಳೆಯ ಮಾನಿಟರ್ ವಿಜಿಎಯದು, ಈ ಡಬ್ಬದಲ್ಲಿ ಆ ಕಿಂಡಿ ಇರಲಿಲ್ಲ. ಮುನ್ನೂರು ರೂಪಾಯಿಯ ಕನ್ವರ್ಟರ್ ಹಾಕಿದೆ.

ಎದೆ ಹೊಡೆದುಕೊಂಡದ್ದು ಪೇಜ್‌ಮೇಕರಿಗೆ. ಅದರ ಕೊನೆಯ ಆವೃತ್ತಿ 7.0 ಬಂದದ್ದು 2001ರಲ್ಲಿ. ಅಡೋಬಿ ಅದನ್ನು ಮರೆತು ಎಷ್ಟೋ ಕಾಲವಾಯಿತು, ನಾವು ಮರೆತಿಲ್ಲ. ಮೊದಲ ಸಲ ತೆರೆದಾಗ ತಪ್ಪಿನ ಸಂದೇಶ ತೋರಿಸಿ ಮುಚ್ಚಿಕೊಂಡಿತು. ಐಕಾನಿನ ಮೇಲೆ ಬಲಗುಂಡಿ ಒತ್ತಿ, ಅಡ್ಮಿನಿಸ್ಟ್ರೇಟರ್ ಆಗಿ ತೆರೆಯುವ ಆಯ್ಕೆ ಕೊಟ್ಟ ಮೇಲೆ ಮಾತು ಕೇಳಿತು. ನುಡಿ ಯಾವ ತಕರಾರೂ ಮಾಡಲಿಲ್ಲ. ಪರೀಕ್ಷೆಗೆ ಊರ ಹೆಸರನ್ನೇ ಬಡಿದೆ: ಬಿ, ದೊಡ್ಡ ಎಲ್, ಎಫ್, ದೊಡ್ಡ ಎಲ್, ದೊಡ್ಡ ಎ, ಆರ್, ಐ. ಎಫ್ ಒತ್ತಿದಾಗ ಳಕಾರ ಒತ್ತಿಗಾಗಿ ಕಾದು ನಿಂತು, ಮುಂದಿನ ಎಲ್ ಬಿದ್ದೊಡನೆ ಕೆಳಗೆ ಇನ್ನೊಂದು ಳ ಬಂದು ಅಂಟಿಕೊಂಡಿತು. ಅದನ್ನು ನೋಡಿದ ಮೇಲೆಯೇ ನಾನು ಉಳಿದ ದುಡ್ಡು ಕಳಿಸಿದ್ದು.

ಒಂದು ಸಣ್ಣ ಮಾತು. ಸಿಸ್ಟಮ್ ಜೊತೆ ತೆಳ್ಳಗಿನ ಕೀಬೋರ್ಡ್ ಉಚಿತವಾಗಿ ಬಂದಿತ್ತು. ಅದರಲ್ಲಿ ಸ್ಕ್ರಾಲ್ ಲಾಕ್ ಕೀಲಿಯೇ ಇಲ್ಲ. ನುಡಿಯಲ್ಲಿ ಕನ್ನಡದಿಂದ ಇಂಗ್ಲಿಷಿಗೆ ಹಾರುವುದು ಅದೇ ಕೀಲಿಯಿಂದ. ಜಗತ್ತಿನಲ್ಲಿ ಆ ಕೀಲಿಯನ್ನು ದಿನಕ್ಕೆ ಇನ್ನೂರು ಸಲ ಒತ್ತುವವರು ಕನ್ನಡದ ಡಿಟಿಪಿಯವರು ಮಾತ್ರವೇ ಏನೋ. ಉಚಿತ ಕೀಬೋರ್ಡ್ ಪಕ್ಕದ ಝೆರಾಕ್ಸ್ ಅಂಗಡಿಗೆ ಹೋಯಿತು.

ಇನ್ನು ಮ್ಯಾಕ್. ಅಳಿಯನಿಗೆ ನನ್ನ ಹಳೆಯ ಡಬ್ಬಗಳನ್ನು ಕಂಡರೆ ಆಗದು. ‘ಅತ್ತೆ, ಒಂದು ಸಲ ಇದನ್ನು ಬಳಸಿ ನೋಡಿ, ಆಮೇಲೆ ಮಾತನಾಡಿ’ ಎಂದು ತನ್ನ ಮ್ಯಾಕ್ ಮಿನಿಯನ್ನು ಹದಿನೆಂಟು ದಿನ ನನ್ನ ಬಳಿ ಬಿಟ್ಟು ಹೋಗಿದ್ದ. 2024ರ ನವೆಂಬರಿನಲ್ಲಿ ಬಂದ ಎಂ4 ಮಾದರಿ, ಆಗ ಆರಂಭದ ಬೆಲೆ ₹59,900. ಹದಿಮೂರು ಸೆಂಟಿಮೀಟರೂ ಇಲ್ಲದ ಚೌಕ, ಮಿಠಾಯಿ ಡಬ್ಬದ ಹಾಗೆ. ಪವರ್ ಗುಂಡಿ ತಳದಲ್ಲಿದೆ. ಪ್ರತಿ ಬೆಳಗ್ಗೆ ಅಂಗಡಿ ಕಸ ಹೊಡೆದು, ದೀಪ ಹಚ್ಚಿ, ಆ ಡಬ್ಬದ ಮೂಲೆಯನ್ನು ಸ್ವಲ್ಪ ಎತ್ತಿ ಕೆಳಗೆ ಬೆರಳು ತೂರಿಸುವುದು ಒಂದು ಪೂಜೆಯಂತಾಗಿತ್ತು.

ಸುಳ್ಳು ಹೇಳಬಾರದು, ಯಂತ್ರವಾಗಿ ಅದಕ್ಕೆ ಸಾಟಿಯಿಲ್ಲ. ಏಪ್ರಿಲ್ ತಿಂಗಳು, ಹೊರಗೆ ನಲವತ್ತು ದಾಟಿದ ಬಿಸಿಲು, ಒಳಗೆ ಫ್ಯಾನು ಬಿಸಿಗಾಳಿಯನ್ನೇ ಕಲಕುತ್ತಿತ್ತು. ಡೆಲ್ ಡಬ್ಬ ಮಧ್ಯಾಹ್ನದ ಹೊತ್ತಿಗೆ ರೊಯ್ಯೆನ್ನುತ್ತದೆ, ಮ್ಯಾಕ್ ಉಸಿರೂ ಎತ್ತಲಿಲ್ಲ. ಕರೆಂಟು ಹೋದಾಗ ನನ್ನ 600 ವಿಎ ಯುಪಿಎಸ್ ಡೆಲ್ಲನ್ನು ಇಪ್ಪತ್ತು ನಿಮಿಷ ಹಿಡಿದರೆ ಮ್ಯಾಕನ್ನು ಮುಕ್ಕಾಲು ಗಂಟೆಗೂ ಮೀರಿ ಹಿಡಿಯಿತು. ಪರದೆಯ ಮೇಲೆ ಯೂನಿಕೋಡ್ ಕನ್ನಡ, ಎಂದರೆ ಎಲ್ಲ ಯಂತ್ರಗಳೂ ಒಂದೇ ರೀತಿ ಓದುವ ಸಂಕೇತದ ಕನ್ನಡ, ಅಚ್ಚಿನಷ್ಟು ನುಣುಪು. ಇನ್‌ಡಿಸೈನ್ ಬಳಸುವವರಿಗೆ, ವಿನ್ಯಾಸವನ್ನೇ ಕಸುಬು ಮಾಡಿಕೊಂಡವರಿಗೆ ಕಣ್ಣು ಮುಚ್ಚಿ ಇದನ್ನೇ ಹೇಳುತ್ತೇನೆ. ಆದರೆ ಇನ್‌ಡಿಸೈನಿನಲ್ಲಿ ಕನ್ನಡಕ್ಕೆ ವರ್ಲ್ಡ್-ರೆಡಿ ಕಂಪೋಸರ್ ಎಂಬ ಆಯ್ಕೆಯನ್ನು ಹಾಕಿಕೊಳ್ಳಿ, ಇಲ್ಲವಾದರೆ ಒತ್ತಕ್ಷರಗಳು ಬಿಡಿಬಿಡಿಯಾಗಿ ಉದುರುತ್ತವೆ.

ನನಗೆ ಏಕೆ ಆಗಲಿಲ್ಲವೆಂದರೆ, ಕೊಟ್ಟೂರು ಕಡೆಯ ಗಿರಾಕಿಯೊಬ್ಬರು ಹಳೆಯ ಪೆನ್‌ಡ್ರೈವ್ ತಂದರು. ಮೊದಲಿಗೆ ಅದನ್ನು ಚುಚ್ಚಲು ಜಾಗವೇ ಇಲ್ಲ. ಮಿನಿಯಲ್ಲಿ ಇರುವ ಯುಎಸ್‌ಬಿ ಕಿಂಡಿಗಳೆಲ್ಲ ಟೈಪ್-ಸಿ. ಹಬ್ ತಂದು ತೆರೆದರೆ ನುಡಿಯ ಹಳೆಯ ಫಾಂಟಿನಲ್ಲಿ ಬಡಿದ ಕಡತ. ಆ ಫಾಂಟುಗಳು ಯೂನಿಕೋಡ್ ಅಲ್ಲ, ಇಂಗ್ಲಿಷ್ ಅಕ್ಷರ ಮತ್ತು ಚಿಹ್ನೆಗಳ ಮನೆಗಳಲ್ಲಿ ಕನ್ನಡದ ತುಂಡುಗಳನ್ನು ಬಾಡಿಗೆಗೆ ಕೂರಿಸಿದವು. ಫಾಂಟ್ ಇಲ್ಲದಿದ್ದರೆ ‘ಕನ್ನಡ’ ಎಂಬ ಪದವೇ ದೊಡ್ಡ ಪಿ, ತಲೆಯ ಮೇಲೆ ಗೀಟು ಹೊತ್ತ ಎ, ಪೌಂಡಿನ ಗುರುತು ಎಂದು ಸಾಲುಗಟ್ಟುತ್ತದೆ. ಗಿರಾಕಿ ಪರದೆ ನೋಡಿ, ‘ಅಕ್ಕಾ, ಇದರಲ್ಲಿ ನಮ್ಮ ಅಪ್ಪನ ಹೆಸರು ಎಲ್ಲಿದೆ?’ ಎಂದು ಕೇಳಿದರು. ನನಗೆ ಉತ್ತರ ಹೊಳೆಯಲಿಲ್ಲ. ಯೂನಿಕೋಡಿಗೆ ಪರಿವರ್ತಿಸಬಹುದು, ನಿಜ. ಒಂದು ಪುಟವಾದರೆ ಸರಿ, ನನ್ನ ಹತ್ತಿರ ಇಪ್ಪತ್ತು ವರ್ಷದ ಪೇಜ್‌ಮೇಕರ್ ಕಡತಗಳಿವೆ, ಈ ಮ್ಯಾಕಿನಲ್ಲಿ ಪೇಜ್‌ಮೇಕರ್ ಏಳುವುದೇ ಇಲ್ಲ. ಅರವತ್ತು ಸಾವಿರದ ಡಬ್ಬವನ್ನು ಪಕ್ಕಕ್ಕೆ ಸರಿಸಿ ಹದಿಮೂರು ವರ್ಷದ ಐ3ರಲ್ಲಿ ಅವರ ಅಪ್ಪನ ಹೆಸರು ತೋರಿಸಿದೆ.

ವಿಂಡೋಸಿನ ಬದಲು ಉಚಿತವಾಗಿ ಹಾಕಿಕೊಳ್ಳಬಹುದಾದ ಲಿನಕ್ಸಿನ ಬಗ್ಗೆ ಕೇಳುವವರಿಗೆ: ವಿಂಡೋಸ್ 11 ಒಪ್ಪದ ಆ ಎರಡನೆಯ ಮೇಜಿನ ಯಂತ್ರಕ್ಕೆ ಲಿನಕ್ಸಿನದೇ ಒಂದು ರೂಪವಾದ ಮಿಂಟ್ 22 ಹಾಕಿಸಿದ್ದೇನೆ. ನುಡಿಯ ಕೀಲಿ ವಿನ್ಯಾಸವೇ ಅಲ್ಲಿ ಕೆಜಿಪಿ ಎಂಬ ಹೆಸರಿನಲ್ಲಿ ಸಿಗುವುದರಿಂದ ನಮ್ಮ ಹುಡುಗಿಗೆ ಬೆರಳು ಬದಲಾಯಿಸುವ ಕಷ್ಟವಾಗಲಿಲ್ಲ. ಅರ್ಜಿ, ಪತ್ರ, ಯೂನಿಕೋಡಿನಲ್ಲಿ ಬೇಕೆನ್ನುವ ವರದಿಗಳು ಅಲ್ಲಿಯೇ ಮುಗಿಯುತ್ತವೆ. ಖರ್ಚು ಸೊನ್ನೆ. ಪತ್ರಿಕೆಯ ವಿನ್ಯಾಸಕ್ಕೆ ಮಾತ್ರ ನಾನು ಅದರ ಹತ್ತಿರ ಹೋಗುವುದಿಲ್ಲ.

ಹೊಸದಾಗಿ ಜೋಡಿಸುವುದೇ ಒಳ್ಳೆಯದಲ್ಲವೇ? ಐ3-12100, ಎಚ್610 ಬೋರ್ಡ್, 16 ಜಿಬಿ ರ‍್ಯಾಮಿಗೆ ಬೆಲೆ ಕೇಳಿದ್ದೆ. ಬೆಲೆಪಟ್ಟಿ ಬರೆಸಿಕೊಂಡು, ಮನೆಯಲ್ಲಿ ಯೋಚಿಸಿ, ಹದಿನೈದು ದಿನ ಬಿಟ್ಟು ಹೋದರೆ ರ‍್ಯಾಮ್ ಮಾತ್ರ ಹಳೆಯ ಬೆಲೆಗೆ ಇಲ್ಲ. 2025ರ ಕೊನೆಯಲ್ಲಿ ಎಐ ಕೇಂದ್ರಗಳು ಮೆಮೊರಿ ಚಿಪ್ಪುಗಳನ್ನು ಬಾಚಿಕೊಳ್ಳತೊಡಗಿದಾಗ ಪೇಟೆಯೆಲ್ಲ ಬಿಸಿಯೇರಿತು, ಬ್ರೂಸ್‌ಪೇಟೆಯವರೆಗೂ ಅದರ ಝಳ ಬಂತು. ನನ್ನ ಡೆಲ್ಲಿಗೆ ಇನ್ನೆಂಟು ಜಿಬಿ ಸೇರಿಸುವ ಆಸೆಯನ್ನೂ ಅದೇ ದಿನ ಬಿಟ್ಟೆ. ಪೇಜ್‌ಮೇಕರಿಗೆ ಎಂಟು ಜಿಬಿಯೇ ಅರಮನೆ. ಫೋಟೋಶಾಪಿನಲ್ಲಿ ಹತ್ತಡಿ ಫ್ಲೆಕ್ಸ್ ತೆರೆದಾಗ ಮಾತ್ರ ಏದುಸಿರು ಬಿಡುತ್ತದೆ. ಫ್ಲೆಕ್ಸೇ ನಿಮ್ಮ ಮುಖ್ಯ ಕೆಲಸವಾದರೆ ಹದಿನಾರಕ್ಕಿಂತ ಕಡಿಮೆ ಇರುವುದನ್ನು ಮುಟ್ಟಬೇಡಿ.

ಡೆಲ್ಲಿನ ದೋಷವನ್ನೂ ಬರೆಯಬೇಕು. ಈ ಕಂಪನಿ ಡಬ್ಬಗಳಲ್ಲಿ ಕರೆಂಟು ಹಂಚುವ ಪೆಟ್ಟಿಗೆ, ಅಂದರೆ ಎಸ್‌ಎಂಪಿಎಸ್ ಸಾಮಾನ್ಯ ಅಳತೆಯದಲ್ಲ, ಬೋರ್ಡಿಗೆ ಚುಚ್ಚುವ ತುದಿಯೂ ಬೇರೆ. ಜೋಡಿಸಿದ ಸಿಸ್ಟಮ್‌ನಲ್ಲಿ ಅದು ಸುಟ್ಟರೆ ಒಂದು ಗಂಟೆಯಲ್ಲಿ ರಾಯಲ್ ಸರ್ಕಲ್ಲಿನ ಆಚೀಚೆ ಎಲ್ಲಾದರೂ ಇನ್ನೊಂದು ಸಿಗುತ್ತದೆ. ಇದಕ್ಕೆ ನಾನು ವಿಚಾರಿಸಿದ ನಾಲ್ಕು ಅಂಗಡಿಯಲ್ಲೂ ಇಲ್ಲವೆಂದರು, ಬೆಂಗಳೂರಿನಿಂದಲೇ ಬರಬೇಕು. ಲಗ್ನದ ಹಂಗಾಮಿನಲ್ಲಿ ಎರಡು ದಿನ ಯಂತ್ರ ನಿಂತರೆ ಗಿರಾಕಿ ಪಕ್ಕದ ಅಂಗಡಿಗೆ ನಡೆದಿರುತ್ತಾನೆ. ನಮ್ಮ ಊರಿನ ದೂಳು ಬೇರೆ. ಮೂರು ತಿಂಗಳಿಗೊಮ್ಮೆ ಬಿಚ್ಚಿ ಬ್ಲೋವರ್ ಹಿಡಿದರೆ ಒಳಗಿಂದ ಬರುವುದು ಅದಿರು ಲಾರಿಯ ಹಿಂದೆ ಏಳುವ ಅದೇ ಕೆಂಪು ಪುಡಿ. ಚಿಕ್ಕ ಡಬ್ಬದಲ್ಲಿ ಅದು ಬೇಗ ಗಂಟಲು ಕಟ್ಟುತ್ತದೆ.

ಈಗಿನ ವ್ಯವಸ್ಥೆ ಹೀಗಿದೆ. ದಿನದ ಕೆಲಸಕ್ಕೆ ಡೆಲ್. ಹಳೆಯ ಐ3 ವಿಂಡೋಸ್ 7ರೊಂದಿಗೇ ಮೂಲೆಯಲ್ಲಿದೆ. ತೆಲುಗಿನ ಅನು ಮತ್ತು ಹಳೆಯ ಕಡತಗಳಿಗೆ ಅದೇ ಆಧಾರ, ಆದರೆ ಇಂಟರ್ನೆಟ್ ತಂತಿ ಕಿತ್ತಿದ್ದೇನೆ. ಅಂಕ ಕೊಡಲೇಬೇಕು ಎಂದರೆ ಡೆಲ್ಲಿಗೆ ಐದಕ್ಕೆ ನಾಲ್ಕು, ಕಳೆದ ಒಂದು ಅಂಕ ಆ ಎಸ್‌ಎಂಪಿಎಸ್‌ದು. ಮ್ಯಾಕಿಗೆ ಯಂತ್ರವಾಗಿ ಐದು, ನನ್ನ ಅಂಗಡಿಗೆ ಎರಡು.

ಕಳೆದ ತಿಂಗಳು ಅಳಿಯ ಮ್ಯಾಕ್ ಒಯ್ಯಲು ಬಂದಾಗ ಬರಿಗೈಯಲ್ಲಿ ಬರಲಿಲ್ಲ. ‘ಅತ್ತೆ, ನೀವು ಬದಲಾಗುವವರಲ್ಲ’ ಎನ್ನುತ್ತ ಡೆಲ್ 3060ರ ಬಿಡಿ ಎಸ್‌ಎಂಪಿಎಸ್ ಒಂದನ್ನು ಮೇಜಿನ ಮೇಲಿಟ್ಟ. ಹಳೆಯ ದಿನಪತ್ರಿಕೆಯಲ್ಲಿ ಸುತ್ತಿ, ಪೇಜ್‌ಮೇಕರ್ ಸಿಡಿ ಇರುವ ಡ್ರಾಯರಿನಲ್ಲಿಯೇ ಇಟ್ಟಿದ್ದೇನೆ.