ಫ್ರೂಟ್ಸ್ ಐಡಿ: ನೋಂದಣಿ ಸಲೀಸು, ಸರ್ವೆ ನಂಬರ್ ಬಿಟ್ಟರೆ ಪರಿಹಾರಕ್ಕೆ ಕತ್ತರಿ

ಬಿತ್ತನೆ ಬೀಜದ ರಿಯಾಯಿತಿ, ಸ್ಪ್ರಿಂಕ್ಲರ್ ಪೈಪು, ಬರ ಪರಿಹಾರ, ಬೆಂಬಲ ಬೆಲೆಯ ಖರೀದಿ: ಕರ್ನಾಟಕದಲ್ಲಿ ಇವಕ್ಕೆಲ್ಲ ಈಗ ಬಾಗಿಲು ಒಂದೇ, ಎಫ್‌ಐಡಿ, ಅಂದರೆ ‘ಫ್ರೂಟ್ಸ್’ ತಂತ್ರಾಂಶದಲ್ಲಿ ಹೆಸರು ನೋಂದಾಯಿಸಿದ ರೈತರಿಗೆ ಸಿಗುವ ಗುರುತಿನ ಸಂಖ್ಯೆ. ಇಲಾಖೆಗೊಂದು ಕಟ್ಟು ಜೆರಾಕ್ಸ್ ಹೊತ್ತು ತಿರುಗುವ ಕಾಟ ಬಹುಮಟ್ಟಿಗೆ ತಪ್ಪಿದೆ. ಅಷ್ಟಕ್ಕಾದರೂ ಈ ವ್ಯವಸ್ಥೆಗೆ ಐದರಲ್ಲಿ ಮೂರೂವರೆ ಅಂಕ ಸಲ್ಲುತ್ತದೆ.

ನೋಂದಣಿ ಕಷ್ಟದ್ದಲ್ಲ. ಆಧಾರ್, ಪಾಸ್‌ಬುಕ್, ಪಹಣಿ, ಫೋಟೊ, ಪರಿಶಿಷ್ಟ ಜಾತಿ ಅಥವಾ ಪಂಗಡದವರಾದರೆ ಜಾತಿ ಪ್ರಮಾಣಪತ್ರದ ಮೇಲೆ ಅಚ್ಚಾಗಿರುವ ಆರ್‌ಡಿ ಸಂಖ್ಯೆ. ಇಷ್ಟನ್ನು ರೈತ ಸಂಪರ್ಕ ಕೇಂದ್ರಕ್ಕೆ ಕೊಟ್ಟರೆ ಆಯಿತು. ತೋಟಗಾರಿಕೆ, ರೇಷ್ಮೆ ಇಲಾಖೆಯ ಕಚೇರಿಗಳಲ್ಲೂ ಮಾಡಿಕೊಡುತ್ತಾರೆ.

ಎಡವುವುದು ಆಮೇಲೆ. ಎಫ್‌ಐಡಿ ಇದೆ ಎಂದ ಮಾತ್ರಕ್ಕೆ ಹೊಲವೆಲ್ಲ ಅದರೊಳಗೆ ಸೇರಿದೆ ಎಂದಲ್ಲ. ಪಿಎಂ ಕಿಸಾನ್‌ನ ವರ್ಷದ 6,000 ರೂಪಾಯಿಗೆ ಒಂದೇ ಸರ್ವೆ ನಂಬರ್ ಸೇರಿಸಿದ್ದರೂ ನಡೆದುಹೋಗುತ್ತದೆ, ಏಕೆಂದರೆ ಆ ಹಣ ವಿಸ್ತೀರ್ಣ ನೋಡುವುದಿಲ್ಲ. ಬೆಳೆ ಹಾನಿ ಪರಿಹಾರ ನೋಡುತ್ತದೆ. 2022ರಿಂದ 2026ರ ಅವಧಿಯ ಎಸ್‌ಡಿಆರ್‌ಎಫ್ (ರಾಜ್ಯ ವಿಪತ್ತು ಸ್ಪಂದನಾ ನಿಧಿ) ದರದಲ್ಲಿ ಹೆಕ್ಟೇರಿಗೆ ಮಳೆಯಾಶ್ರಿತಕ್ಕೆ 8,500, ನೀರಾವರಿಗೆ 17,000, ಬಹುವಾರ್ಷಿಕ ಬೆಳೆಗೆ 22,500 ರೂಪಾಯಿ, ಮಿತಿ 2 ಹೆಕ್ಟೇರ್. ಆ ದರದಲ್ಲಿ ಎರಡು ಎಕರೆ ಒಣಬೇಸಾಯದವರಿಗೆ ಸುಮಾರು 6,880 ರೂಪಾಯಿ ಬರಬೇಕು. ಎಫ್‌ಐಡಿಯಲ್ಲಿ 20 ಗುಂಟೆ ಮಾತ್ರ ಇದ್ದರೆ ಲೆಕ್ಕ 1,720ಕ್ಕೆ ಇಳಿಯುತ್ತದೆ. ಆದ್ದರಿಂದ ಜಮೀನು ಕೊಂಡಾಗ, ಭಾಗವಾದಾಗ ಪಹಣಿ ಹಿಡಿದು ಹೋಗಿ ಎಫ್‌ಐಡಿಗೆ ಸೇರಿಸಿ. ತಾನಾಗಿಯೇ ಸೇರಿಕೊಳ್ಳುತ್ತದೆ ಎಂದು ಕೂರಬೇಡಿ. ಪಹಣಿ ಇನ್ನೂ ತೀರಿಕೊಂಡ ತಂದೆಯ ಹೆಸರಲ್ಲಿದ್ದರೆ ಮೊದಲು ಪೌತಿ ಖಾತೆ, ಅಂದರೆ ವಾರಸುದಾರರ ಹೆಸರಿಗೆ ಖಾತೆ ಬದಲಾವಣೆ. ಅದಾಗದೆ ರೈತ ಸಂಪರ್ಕ ಕೇಂದ್ರದವರೂ ಏನೂ ಮಾಡಲಾರರು.

‘ಹಣ ಬಂದಿಲ್ಲ’ ಎಂಬ ದೂರುಗಳಲ್ಲಿ ಹಣ ಬಂದು ಬೇರೆಲ್ಲೋ ಕುಳಿತಿರುವುದೂ ಉಂಟು. ಆಧಾರ್ ಆಧಾರಿತ ಪಾವತಿ ಹೋಗುವುದು ನೀವು ಬರೆದುಕೊಟ್ಟ ಖಾತೆಗಲ್ಲ, ಎನ್‌ಪಿಸಿಐನಲ್ಲಿ (ರಾಷ್ಟ್ರೀಯ ಪಾವತಿ ನಿಗಮ) ಆಧಾರ್‌ಗೆ ಜೋಡಣೆಯಾಗಿರುವ ಖಾತೆಗೆ. ಎಂದೋ ತೆರೆದು ಮರೆತ ಖಾತೆಯೂ ಅದಾಗಿರಬಹುದು. ‘ಡಿಬಿಟಿ ಕರ್ನಾಟಕ’ ಆ್ಯಪ್‌ನಲ್ಲಿ ಯಾವ ಬ್ಯಾಂಕಿಗೆ ಹೋಗಿದೆ ಎಂಬುದು ಕಾಣುತ್ತದೆ. ಕಚೇರಿಗೆ ಅಲೆಯುವ ಮೊದಲು ಅದನ್ನು ನೋಡಿ.

ಇನ್ನೊಂದು ಕೊಂಡಿ ಬೆಳೆ ಸಮೀಕ್ಷೆ. ಹೊಲದಲ್ಲೇ ನಿಂತು ಆ್ಯಪ್‌ನಲ್ಲಿ ಫೋಟೊ ತೆಗೆದು ನಮೂದಿಸುವ ಅವಕಾಶ ರೈತರಿಗೇ ಇದೆ. ಬಿಟ್ಟರೆ ಸಮೀಕ್ಷೆಗೆ ಬರುವ ‘ಖಾಸಗಿ ನಿವಾಸಿ’, ಅಂದರೆ ಈ ಕೆಲಸಕ್ಕೆಂದು ನೇಮಿಸಿದ ಸ್ಥಳೀಯರು, ಬರೆದದ್ದೇ ದಾಖಲೆ. ತೊಗರಿಯ ನಡುವೆ ಹೆಸರುಕಾಳು ಹಾಕಿದ್ದರೆ ಎರಡನ್ನೂ ಬರೆಯಬೇಕು. ಒಂದೇ ಬಿದ್ದರೆ ಇನ್ನೊಂದರ ವಿಮೆಗೂ ಬೆಂಬಲ ಬೆಲೆಗೂ ತಕರಾರು ಹುಟ್ಟುತ್ತದೆ. ‘ಬೆಳೆ ದರ್ಶಕ್’ ಆ್ಯಪ್‌ನಲ್ಲಿ ಏನು ಬರೆದಿದ್ದಾರೆ ನೋಡಿ, ತಪ್ಪಿದ್ದರೆ ಗಡುವಿನೊಳಗೆ ಆಕ್ಷೇಪಣೆ ಹಾಕಿ. ಬೆಳೆ ಕೊಯ್ದ ಮೇಲೆ ಸಾಕ್ಷಿ ಹೇಳಲು ಹೊಲದಲ್ಲಿ ಕೂಳೆಯಷ್ಟೇ ಉಳಿದಿರುತ್ತದೆ.

ಅಂಕ ಕಳೆದದ್ದು ಮುಖ್ಯವಾಗಿ ಬೇರೆಯವರ ಜಮೀನನ್ನು ಲಾವಣಿ, ಕೋರು, ವಾರಕ್ಕೆ ಮಾಡುವವರ ವಿಷಯಕ್ಕೆ. 1974ರ ಭೂಸುಧಾರಣೆ ತಿದ್ದುಪಡಿ ಗೇಣಿಯನ್ನೇ ರದ್ದು ಮಾಡಿತು, ಹಾಗಾಗಿ ಅವರ ಕೈಯಲ್ಲಿ ಕಾಗದವಿಲ್ಲ. ಕಾಗದವಿಲ್ಲದ ಉಳುಮೆಗೆ ಎಫ್‌ಐಡಿಯಲ್ಲಿ ಜಾಗವಿಲ್ಲ. ಬಿತ್ತಿ ನಷ್ಟ ಉಂಡವರು ಒಬ್ಬರು, ಪರಿಹಾರ ಜಮೆಯಾಗುವುದು ಪಹಣಿಯಲ್ಲಿರುವವರಿಗೆ.