ಕಥಾಸ್ಪರ್ಧೆಗೆ ದುಡ್ಡು ಕಟ್ಟುವ ಮೊದಲು ಪೋಸ್ಟರಿನ ಕೊನೇ ಸಾಲು ಓದಿ

ಒಂದು ಸಣ್ಣ ಸಾಹಿತ್ಯ ಪತ್ರಿಕೆಯ ಕಥಾಸ್ಪರ್ಧೆಗೆ ಕಥೆ ಕಳುಹಿಸಿ ನಾನು ಒಂದೂವರೆ ವರ್ಷ ಒದ್ದಾಡಿದೆ. ಪತ್ರಿಕೆಯ ಹೆಸರು ಬರೆಯುವುದಿಲ್ಲ. ಅವರು ನಡೆದುಕೊಂಡ ರೀತಿ ನಿಮಗೆ ಗೊತ್ತಾಗಬೇಕು, ಅಷ್ಟೇ. ಇಂಥದೇ ಸ್ಪರ್ಧೆ ಬೇರೆ ಹೆಸರಿನಲ್ಲೂ ನಿಮ್ಮ ಮೊಬೈಲಿಗೆ ಬರಬಹುದು.

ಆ ಕಥೆ ಬರೆಯಲು ಮೂರು ವರ್ಷ ಹಿಡಿದಿತ್ತು. ನಮ್ಮ ಸಾಗರದ ಕಡೆ ಅಡಿಕೆ ಕೊಯ್ಲಿನ ದಿನಗಳಲ್ಲಿ ಹೆಂಗಸರು ರಾತ್ರಿ ಸಾಲಾಗಿ ಮೆಟ್ಟುಗತ್ತಿ, ಅಂದರೆ ಮಣೆಗೆ ಕೂರಿಸಿದ ಕತ್ತಿ, ಇಟ್ಟುಕೊಂಡು ಅಡಿಕೆ ಸುಲಿಯುತ್ತಿದ್ದರು. ಕೈ ಅದರ ಪಾಡಿಗೆ ಓಡುತ್ತಿತ್ತು, ಮಾತು ಅದರ ಪಾಡಿಗೆ ನಡೆಯುತ್ತಿತ್ತು. ಹಾಗೊಂದು ರಾತ್ರಿ ಅಜ್ಜಿ ಹೇಳಿದ ಸಂಗತಿ ನನ್ನ ಮನಸ್ಸಿನಲ್ಲಿ ಕೂತುಬಿಟ್ಟಿತ್ತು. ಅದನ್ನು ನಾಲ್ಕು ಸಲ ತಿದ್ದಿ ಬರೆದೆ.

ಸ್ಪರ್ಧೆಯ ಪೋಸ್ಟರ್ ವಾಟ್ಸಾಪಿನಲ್ಲಿ ಬಂತು. ಮೊದಲ ಬಹುಮಾನ 25,000 ರೂಪಾಯಿ. ಕಥೆಗೆ 300 ರೂಪಾಯಿ ಪ್ರವೇಶ ಶುಲ್ಕ, ಫೋನ್‌ಪೇ ಮಾಡಬೇಕು. ಸ್ವತಂತ್ರ ಕಥೆಯಾಗಿರಬೇಕು, ಎಲ್ಲೂ ಪ್ರಕಟವಾಗಿರಬಾರದು, ಫಲಿತಾಂಶ ಬರುವವರೆಗೆ ಬೇರೆ ಕಡೆ ಕಳುಹಿಸಬಾರದು. ತೀರ್ಪುಗಾರರು ಯಾರು ಅಂತ ಇರಲಿಲ್ಲ, 'ನಾಡಿನ ಹೆಸರಾಂತ ಸಾಹಿತಿಗಳು' ಅಂತ ಮಾತ್ರ ಇತ್ತು. ಕೊನೆಯಲ್ಲಿ, ಎಲ್ಲಕ್ಕಿಂತ ಸಣ್ಣ ಅಕ್ಷರದಲ್ಲಿ, 'ಬಂದ ಎಲ್ಲ ಕಥೆಗಳ ಹಕ್ಕು ಪತ್ರಿಕೆಯದು' ಅಂತ ಒಂದು ಸಾಲು.

ಆ ಸಾಲು ಕಣ್ಣಿಗೆ ಬಿದ್ದಿತ್ತು. ಸುಮ್ನೆ ಎಲ್ಲರೂ ಹಾಕುವ ಸಾಲು ಅಂದುಕೊಂಡೆ. ಬಹುಮಾನ ಬಂದವರ ಕಥೆಗಳ ಹಕ್ಕಲ್ಲ ಅದು, ಬಂದ 'ಎಲ್ಲ' ಕಥೆಗಳ ಹಕ್ಕು. ಆ ಎರಡಕ್ಷರದ ಮೇಲೆ ನಾನು ಅವತ್ತು ನಿಲ್ಲಬೇಕಿತ್ತು.

ಯುಗಾದಿಗೆ ಬರಬೇಕಿದ್ದ ಫಲಿತಾಂಶ ಮುಂದಕ್ಕೆ ಹೋಯಿತು. ಮಳೆಗಾಲ ಬಂತು. ದೊಡ್ಡ ಪತ್ರಿಕೆಗಳ ದೀಪಾವಳಿ ವಿಶೇಷಾಂಕದ ಸ್ಪರ್ಧೆಗಳಿಗೆ ಆಹ್ವಾನ ಶುರುವಾಯಿತು. ನಾನು ಹಿಂದೆ ಅಂಥ ಸ್ಪರ್ಧೆಗಳಿಗೆ ಕಳುಹಿಸಿದ್ದೇನೆ, ಒಬ್ಬರೂ ಒಂದು ಪೈಸೆ ಕೇಳಿಲ್ಲ. ಈ ಕಥೆಯನ್ನು ಅಲ್ಲಿಗೆ ಕಳುಹಿಸುವ ಆಸೆ ತುಂಬಾ ಇತ್ತು. ಆದರೆ ಬೇರೆ ಕಡೆ ಕಳುಹಿಸುವುದಿಲ್ಲ ಅಂತ ಮಾತು ಕೊಟ್ಟಿದ್ದೆನಲ್ಲ. ಫೋನ್ ಮಾಡಿ ಕೇಳಿದರೆ 'ಇನ್ನೊಂದು ವಾರ ಮೇಡಂ' ಎನ್ನುತ್ತಿದ್ದರು. ಆ ವರ್ಷ ಹಾಗೇ ಕಳೆದುಹೋಯಿತು.

ದಸರಾ ಕಳೆದ ಮೇಲೆ ಸಂಪಾದಕರೇ ಫೋನ್ ಮಾಡಿದರು. "ಅಭಿನಂದನೆಗಳು ಮೇಡಂ, ನಿಮ್ಮ ಕಥೆ ಮೆಚ್ಚುಗೆ ಪಡೆದ ಕಥೆಗಳಲ್ಲಿದೆ. ಸಂಕಲನ ತರುತ್ತಿದ್ದೇವೆ." ಖುಷಿಯಲ್ಲಿ ಅಮ್ಮನಿಗೆ ಹೇಳಿದೆ, ಅತ್ತಿಗೆಗೆ ಹೇಳಿದೆ. ಮೆಚ್ಚುಗೆ ಪಡೆದವು ಎಷ್ಟು ಕಥೆ ಅಂತ ಕೇಳಲಿಲ್ಲ. ಆಮೇಲೆ ಗೊತ್ತಾಯಿತು, 62.

ಮಾರನೇ ದಿನ ಮೆಸೇಜು ಬಂತು. ಸಂಕಲನದಲ್ಲಿ ಕಥೆ ಬರಬೇಕಾದರೆ 10 ಪ್ರತಿ ಕೊಳ್ಳಬೇಕು, ಒಂದಕ್ಕೆ 250 ರೂಪಾಯಿ. ಜೊತೆಗೆ ಐಎಸ್‌ಬಿಎನ್, ಅಂದರೆ ಪುಸ್ತಕವನ್ನು ಗುರುತಿಸುವ ಸಂಖ್ಯೆಯ, ಶುಲ್ಕ 500. ಒಟ್ಟು 3,000. ಮನೆಯಲ್ಲಿ ಎಲ್ಲರಿಗೂ ಹೇಳಿಯಾಗಿತ್ತು. ಈಗ ಬೇಡ ಅನ್ನುವುದು ಹೇಗೆ? ಕಟ್ಟಿಬಿಟ್ಟೆ. ನಮ್ಮ ದೇಶದಲ್ಲಿ ಪುಸ್ತಕಕ್ಕೆ ಐಎಸ್‌ಬಿಎನ್ ಸಂಖ್ಯೆಯನ್ನು ರಾಜಾ ರಾಮಮೋಹನ ರಾಯ್ ಹೆಸರಿನ ಸರ್ಕಾರಿ ಏಜೆನ್ಸಿ ಪುಕ್ಕಟೆಯಾಗಿ ಕೊಡುತ್ತದೆ ಅನ್ನುವುದು ನನಗೆ ಆಮೇಲೆ ತಿಳಿಯಿತು. ಅದೂ ಇಡೀ ಪುಸ್ತಕಕ್ಕೆ ಒಂದೇ ಸಂಖ್ಯೆ. ಅದಕ್ಕೆ ಒಬ್ಬೊಬ್ಬ ಕಥೆಗಾರರಿಂದ 500 ತೆಗೆದುಕೊಂಡಿದ್ದರು.

ಅದೇ ಮೆಸೇಜಿನ ಜೊತೆ ಒಂದು ಒಪ್ಪಿಗೆ ಪತ್ರವೂ ಇತ್ತು. ಕಥೆಯ ಎಲ್ಲ ಹಕ್ಕನ್ನೂ ಶಾಶ್ವತವಾಗಿ ಪತ್ರಿಕೆಗೆ ಕೊಟ್ಟಿದ್ದೇನೆ ಅಂತ ಸಹಿ ಹಾಕಿ ಸ್ಕ್ಯಾನ್ ಮಾಡಿ ಕಳುಹಿಸಬೇಕಿತ್ತು. ಅವತ್ತು ಭಾನುವಾರ, ಜೆರಾಕ್ಸ್ ಅಂಗಡಿ ಬಾಗಿಲು ಹಾಕಿತ್ತು. ಆಮೇಲೆ ಮರೆತುಹೋಯಿತು. ಅವರೂ ಮತ್ತೆ ಕೇಳಲಿಲ್ಲ. ಆ ಮರೆವೇ ನನ್ನನ್ನು ಕಾಪಾಡಿತು.

ಪುಸ್ತಕ ಬಂತು. ನನ್ನ ಹೆಸರಿನ ಇನಿಷಿಯಲ್ ತಪ್ಪಾಗಿತ್ತು, ಅದು ಹೋಗಲಿ. ಕಥೆಯಲ್ಲಿ ಎಲ್ಲೂ ಮೆಟ್ಟುಗತ್ತಿ ಇರಲಿಲ್ಲ, ಅದರ ಜಾಗದಲ್ಲಿ 'ಚಾಕು' ಇತ್ತು. ಚಾಕುವಿನಲ್ಲಿ ಅಡಿಕೆ ಸುಲಿಯುವುದನ್ನು ನಮ್ಮೂರಲ್ಲಿ ಯಾರೂ ನೋಡಿಲ್ಲ. ಅಜ್ಜಿ ಮೊಮ್ಮಗಳನ್ನು 'ಕೂಸೇ' ಅಂತ ಕರೆಯುತ್ತಿದ್ದಳು, ಅದು 'ಮಗಳೇ' ಆಗಿತ್ತು. ಕೊನೆಯ ಎರಡು ಪ್ಯಾರಾ ಹಾರಿಸಿದ್ದರು. ಒಂದು ಮಾತು ಕೇಳಿರಲಿಲ್ಲ. ಆ ರಾತ್ರಿ ನಾನು ಅತ್ತೆ.

ಹಣ ಹೋದದ್ದಕ್ಕಿಂತ ಇದು ಜಾಸ್ತಿ ನೋಯಿಸಿತು. ಇನ್ನೂ ಒಂದು ಬಾಕಿ ಇತ್ತು. ಈ ವರ್ಷ ನನ್ನ ಮೊದಲ ಕಥಾಸಂಕಲನ ಬರುವುದಿತ್ತು. ಈ ಕಥೆ ಸೇರಿಸುತ್ತೇನೆ ಅಂತ ಸೌಜನ್ಯಕ್ಕೆ ಸಂಪಾದಕರಿಗೆ ತಿಳಿಸಿದೆ. "ಹಕ್ಕು ನಮ್ಮದು ಮೇಡಂ, ಅನುಮತಿಗೆ 5,000 ಆಗುತ್ತದೆ" ಅಂದರು. ನನ್ನ ಅಜ್ಜಿಯ ಕಥೆ ನಾನು ಅಚ್ಚು ಹಾಕಿಸಲು ಅವರಿಗೆ ಐದು ಸಾವಿರ!

ಚಿಕ್ಕಪ್ಪನ ಮಗ ವಕೀಲ. ಪೋಸ್ಟರು, ಮೆಸೇಜು ಎಲ್ಲ ನೋಡಿ ಅವನು ಮೊದಲು ಕೇಳಿದ್ದು ಒಂದೇ: "ಅಕ್ಕಾ, ಎಲ್ಲಾದರೂ ಸಹಿ ಹಾಕಿದ್ದೀಯಾ?" ಇಲ್ಲ ಅಂದೆ. ಅವನು ಹೇಳಿದ್ದನ್ನು ನನಗೆ ಅರ್ಥವಾದಂತೆ ಬರೆಯುತ್ತೇನೆ. ಬರೆದವರಿಗೆ ಕೃತಿಸ್ವಾಮ್ಯ (ಕಾಪಿರೈಟ್) ತಾನಾಗೇ ಬರುತ್ತದೆ, ನೋಂದಣಿ ಬೇಕಿಲ್ಲ. ಅದನ್ನು ಬೇರೆಯವರಿಗೆ ಬಿಟ್ಟುಕೊಡಬೇಕಾದರೆ 1957ರ ಕೃತಿಸ್ವಾಮ್ಯ ಕಾಯ್ದೆಯ 19ನೇ ಕಲಂ ಪ್ರಕಾರ ಬರವಣಿಗೆಯಲ್ಲಿ ಇರಬೇಕು, ಕೊಡುವವರ ಸಹಿ ಇರಬೇಕು. ಯಾವ ಕೃತಿ, ಯಾವ ಹಕ್ಕು, ಎಷ್ಟು ಕಾಲಕ್ಕೆ, ಯಾವ ಪ್ರದೇಶಕ್ಕೆ ಅಂತ ಬರೆದಿರಬೇಕು. ಕಾಲ ಬರೆಯದಿದ್ದರೆ ಐದೇ ವರ್ಷ ಅಂತ ಲೆಕ್ಕ. ಹಕ್ಕು ಕೊಟ್ಟ ಮೇಲೂ ಬರೆದವರು ಅಂತ ಹೇಳಿಕೊಳ್ಳುವ ಹಕ್ಕು ನಮ್ಮದೇ. ನಮ್ಮ ಮರ್ಯಾದೆಗೆ ಕುಂದು ಬರುವಂತೆ ಬರಹವನ್ನು ತಿರುಚಿದರೆ 57ನೇ ಕಲಂ ಪ್ರಕಾರ ತಡೆಯಬಹುದು.

ಇದನ್ನೇ ಒಂದು ಪುಟದಲ್ಲಿ ಬರೆದು ರಿಜಿಸ್ಟರ್ಡ್ ಅಂಚೆಯಲ್ಲಿ ಕಳುಹಿಸಿದೆ. ಉತ್ತರ ಬರಲಿಲ್ಲ. ಅವರ ವಾಟ್ಸಾಪ್ ಗುಂಪಿನಿಂದ ನನ್ನನ್ನು ತೆಗೆದರು. ಐದು ಸಾವಿರದ ಮಾತು ಮತ್ತೆ ಬರಲಿಲ್ಲ, ಕಟ್ಟಿದ 3,300 ರೂಪಾಯಿಯೂ ವಾಪಸ್ಸು ಬರಲಿಲ್ಲ.

ಶುಲ್ಕ ಕೇಳಿದವರೆಲ್ಲ ಮೋಸಗಾರರು ಅಂತ ನಾನು ಹೇಳುತ್ತಿಲ್ಲ. ಕೈಯಿಂದ ದುಡ್ಡು ಹಾಕಿ ಅಚ್ಚಿನ ಖರ್ಚು ತೂಗಿಸುತ್ತಾ ಪತ್ರಿಕೆ ನಡೆಸುವವರನ್ನು ನೋಡಿದ್ದೇನೆ. ನನ್ನ ಮೊದಲ ಕಥೆ ಅಚ್ಚಾದದ್ದೇ ಅಂಥ ಒಂದು ಪತ್ರಿಕೆಯಲ್ಲಿ. ಒಂದು ವಾಕ್ಯ ಬದಲಿಸಲು ಆ ಸಂಪಾದಕರು ನನಗೆ ಕಾರ್ಡು ಬರೆದು ಕೇಳಿದ್ದರು. ಅಂಥವರ ಹೆಸರಿಗೂ ಇಂಥವರಿಂದ ಮಸಿ ಹತ್ತುತ್ತದೆ, ಅದಕ್ಕೇ ಸಿಟ್ಟು.

ಆದ್ದರಿಂದ ಯಾವುದೇ ಪತ್ರಿಕೆಯ ಸ್ಪರ್ಧೆಗೆ ಕಳುಹಿಸುವ ಮೊದಲು ಅದರ ಒಂದು ಹಳೇ ಸಂಚಿಕೆ ಕೈಗೆ ತೆಗೆದುಕೊಳ್ಳಿ. ಸಂಪಾದಕ, ಪ್ರಕಾಶಕ, ಮುದ್ರಕರ ಹೆಸರು, ಊರು ಅಚ್ಚಾಗಿದೆಯಾ ನೋಡಿ. ಹೋದ ವರ್ಷ ಬಹುಮಾನ ಪಡೆದವರನ್ನು ಹುಡುಕಿ, ಹಣ ಕೈಗೆ ಬಂತಾ ಕೇಳಿ. ಹಕ್ಕಿನ ಸಾಲಿನಲ್ಲಿ 'ಎಲ್ಲ ಕಥೆಗಳ' ಅಂತ ಇದ್ದರೆ ಕಳುಹಿಸಬೇಡಿ. ಆಯ್ಕೆಯಾಗಿದೆ ಅಂದ ಮೇಲೆ ದುಡ್ಡು ಕೇಳಿದರೆ, ಮನೆಯವರಿಗೆ ಹೇಳಿಯಾಗಿದ್ದರೂ ಪರವಾಗಿಲ್ಲ, ಕಥೆ ವಾಪಸ್ಸು ಪಡೆದಿದ್ದೇನೆ ಅಂತ ಬರೆದು ತಿಳಿಸಿ. 'ಶಾಶ್ವತ' ಅಂತ ಇರುವ ಕಾಗದಕ್ಕೆ ಸಹಿ ಮಾತ್ರ ಹಾಕಲೇಬೇಡಿ.

ಮೊನ್ನೆ ಅವರದೇ ಹೊಸ ಪೋಸ್ಟರ್ ನನ್ನ ತಂಗಿಯ ಮೊಬೈಲಿಗೆ ಬಂದಿದೆ. ಬಣ್ಣ ಬದಲಾಗಿದೆ, ಶುಲ್ಕ 400 ಆಗಿದೆ. ಕೊನೇ ಸಾಲು ಹಾಗೇ ಇದೆ.